ವಿಕಿರಣ ಚಿಕಿತ್ಸಾ ಯೋಜನೆಯಲ್ಲಿ ಎಂಆರ್‌ಐ ಚಿತ್ರಗಳ ಜ್ಯಾಮಿತೀಯ ನಿಖರತೆ

ಎಂಆರ್‌ಐ ಚಿತ್ರದಲ್ಲಿ ಒಂದು ಬಿಂದು ಕಾಣುವ ಸ್ಥಾನವು ದೇಹದಲ್ಲಿ ಅದರ ನಿಜವಾದ ಸ್ಥಾನಕ್ಕೆ ಎಷ್ಟು ಹೊಂದುತ್ತದೆ ಎಂಬುದನ್ನು ಆ ಚಿತ್ರದ ಜ್ಯಾಮಿತೀಯ ನಿಖರತೆ ಎನ್ನುತ್ತಾರೆ. ರೋಗಪತ್ತೆಯಲ್ಲಿ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಸಾಮಾನ್ಯವಾಗಿ ನಗಣ್ಯ. ಕ್ಯಾನ್ಸರ್‌ನ ವಿಕಿರಣ ಚಿಕಿತ್ಸೆಯಲ್ಲಿ ಅದೇ ವ್ಯತ್ಯಾಸದಿಂದ ಗಡ್ಡೆಯ ಅಂಚಿಗೆ ವಿಕಿರಣ ತಲುಪದೆ ಹೋಗಬಹುದು ಅಥವಾ ದೃಷ್ಟಿನರ, ಮಿದುಳುಕಾಂಡದಂತಹ ಆರೋಗ್ಯವಂತ ಅಂಗಗಳಿಗೆ ಹಾನಿಯಾಗಬಹುದು.

ಹಿನ್ನೆಲೆ

ಚಿಕಿತ್ಸಾ ಯೋಜನೆಗೆ ಮೂಲ ಆಧಾರ ಸಿಟಿ ಸ್ಕ್ಯಾನ್. ಅದರ ಜ್ಯಾಮಿತಿ ವಿಶ್ವಾಸಾರ್ಹವಾಗಿದ್ದು, ವಿಕಿರಣ ಪ್ರಮಾಣದ ಲೆಕ್ಕಕ್ಕೆ ಬೇಕಾದ ಎಲೆಕ್ಟ್ರಾನ್ ಸಾಂದ್ರತೆಯೂ ಅದರಿಂದ ದೊರೆಯುತ್ತದೆ. ಆದರೆ ಮಿದುಳು, ಪ್ರಾಸ್ಟೇಟ್, ಗರ್ಭಕಂಠ ಮೊದಲಾದ ಮೃದು ಅಂಗಾಂಶಗಳಲ್ಲಿ ಗಡ್ಡೆಯ ಅಂಚು ಎಂಆರ್‌ಐನಲ್ಲಿ ಹೆಚ್ಚು ಸ್ಪಷ್ಟ. ಆದ್ದರಿಂದ ಎರಡನ್ನೂ ಗಣಕಯಂತ್ರದಲ್ಲಿ ಒಂದರ ಮೇಲೊಂದು ಹೊಂದಿಸಿ ಗಡ್ಡೆಯನ್ನು ಗುರುತಿಸಲಾಗುತ್ತದೆ. ಎಂಆರ್‌ಐ ಚಿತ್ರವೇ ವಿಕೃತವಾಗಿದ್ದರೆ, ಕೇವಲ ಸರಿಸಿ ತಿರುಗಿಸಿ ಹೊಂದಿಸುವುದರಿಂದ ಆ ದೋಷ ನಿವಾರಣೆಯಾಗುವುದಿಲ್ಲ.

ವಿಕೃತಿಯ ಕಾರಣಗಳು

ಎಂಆರ್‌ಐ ಯಂತ್ರವು ಸ್ಥಾನವನ್ನು ಕಂಪನಾಂಕದ ಮೂಲಕ ಅರಿಯುತ್ತದೆ. 1.5 ಟೆಸ್ಲಾ ಕಾಂತಕ್ಷೇತ್ರದಲ್ಲಿ ಪ್ರೋಟಾನುಗಳ ಅನುರಣನ ಕಂಪನಾಂಕ ಸುಮಾರು 63.9 ಮೆಗಾಹರ್ಟ್ಸ್. ಗ್ರೇಡಿಯಂಟ್ ಸುರುಳಿಗಳು ಕಾಂತಕ್ಷೇತ್ರವನ್ನು ಸ್ಥಳದಿಂದ ಸ್ಥಳಕ್ಕೆ ಸಮವಾಗಿ ಏರಿಸಿದಾಗ ಕಂಪನಾಂಕವೂ ಹಾಗೆಯೇ ಬದಲಾಗುತ್ತದೆ. ಈ ಏರಿಕೆಗೆ ಧಕ್ಕೆ ತರುವ ಯಾವುದೇ ಅಂಶವು ಚಿತ್ರದಲ್ಲಿ ಸ್ಥಾನಪಲ್ಲಟವಾಗಿ ಕಾಣುತ್ತದೆ.

* ಗ್ರೇಡಿಯಂಟ್‌ನ ಅರೇಖೀಯತೆ: ಯಂತ್ರದ ಕೇಂದ್ರದಿಂದ ದೂರ ಸರಿದಂತೆ ಹೆಚ್ಚುತ್ತದೆ. ಹೀಗಾಗಿ ತಲೆಗಿಂತ ಸೊಂಟದ ಚಿತ್ರದ ಅಂಚುಗಳಲ್ಲಿ ಇದು ಹೆಚ್ಚು ತೊಡಕಿನದು.
* ಮುಖ್ಯ ಕಾಂತಕ್ಷೇತ್ರದ ಅಸಮತೆ: ಕ್ಷೇತ್ರವು ಎಲ್ಲೆಡೆ ಒಂದೇ ಸಮನಾಗಿರದಿರುವುದು.
* ರೋಗಿಯ ದೇಹ: ಗಾಳಿ ಮತ್ತು ಅಂಗಾಂಶ ಸೇರುವ ಮೂಗಿನ ಕುಹರಗಳ ಬಳಿ ಹಾಗೂ ಲೋಹದ ಕಸಿಗಳ ಸುತ್ತ ಕ್ಷೇತ್ರ ಏರುಪೇರಾಗುತ್ತದೆ.
* ರಾಸಾಯನಿಕ ಪಲ್ಲಟ: ಕೊಬ್ಬು ಮತ್ತು ನೀರಿನ ಕಂಪನಾಂಕಗಳು ಹತ್ತು ಲಕ್ಷಕ್ಕೆ ಸುಮಾರು 3.5 ಭಾಗದಷ್ಟು, ಅಂದರೆ 1.5 ಟೆಸ್ಲಾದಲ್ಲಿ ಸುಮಾರು 220 ಹರ್ಟ್ಸ್‌ನಷ್ಟು ಭಿನ್ನವಾಗಿವೆ.

ಉದಾಹರಣೆಗೆ, ಪ್ರತಿ ಪಿಕ್ಸೆಲ್‌ಗೆ 110 ಹರ್ಟ್ಸ್ ಬ್ಯಾಂಡ್‌ವಿಡ್ತ್ ಇದ್ದರೆ ಕೊಬ್ಬು ಎರಡು ಪಿಕ್ಸೆಲ್ ಸರಿದು ಕಾಣುತ್ತದೆ. 440 ಹರ್ಟ್ಸ್ ಇದ್ದರೆ ಅರ್ಧ ಪಿಕ್ಸೆಲ್ ಮಾತ್ರ. ಆದರೆ ಬ್ಯಾಂಡ್‌ವಿಡ್ತ್ ನಾಲ್ಕು ಪಟ್ಟಾದಾಗ ಸಂಕೇತ ಮತ್ತು ಗದ್ದಲದ ಅನುಪಾತ ಅರ್ಧಕ್ಕಿಳಿಯುತ್ತದೆ. 3 ಟೆಸ್ಲಾ ಯಂತ್ರದಲ್ಲಿ ಕಂಪನಾಂಕದ ಈ ವ್ಯತ್ಯಾಸ ಇಮ್ಮಡಿಯಾಗುತ್ತದೆ.

ಚಿಕಿತ್ಸೆಯ ಮೇಲಿನ ಪರಿಣಾಮ

ಅನಿಶ್ಚಿತತೆಯನ್ನು ಸರಿದೂಗಿಸಲು ಗಡ್ಡೆಯ ಸುತ್ತ ಹೆಚ್ಚುವರಿ ಅಂಚು ಸೇರಿಸಲಾಗುತ್ತದೆ. 20 ಮಿ.ಮೀ. ವ್ಯಾಸದ ಗೋಳಾಕಾರದ ಗಡ್ಡೆಗೆ ಎಲ್ಲ ಕಡೆ 1 ಮಿ.ಮೀ. ಸೇರಿಸಿದರೂ ವಿಕಿರಣಕ್ಕೊಳಗಾಗುವ ಘನಗಾತ್ರ ಸುಮಾರು 33% ಹೆಚ್ಚುತ್ತದೆ. ಒಂದೇ ಅಥವಾ ಕೆಲವೇ ಬಾರಿ ಅಧಿಕ ಪ್ರಮಾಣ ನೀಡುವ ಸ್ಟೀರಿಯೊಟಾಕ್ಟಿಕ್ ಚಿಕಿತ್ಸೆಯಲ್ಲಿ ಇದು ನಿರ್ಣಾಯಕ.

ಪರೀಕ್ಷೆ ಮತ್ತು ತಿದ್ದುಪಡಿ

ನಿಖರವಾಗಿ ತಿಳಿದ ಅಂತರಗಳಲ್ಲಿ ಗುರುತುಬಿಂದುಗಳಿರುವ ‘ಫ್ಯಾಂಟಮ್’ ಎಂಬ ಮಾದರಿಯನ್ನು ಎಂಆರ್‌ಐನಲ್ಲಿ ಚಿತ್ರಿಸಿ, ಕಂಡ ಸ್ಥಾನಗಳನ್ನು ನಿಜಸ್ಥಾನಗಳೊಂದಿಗೆ ಹೋಲಿಸಲಾಗುತ್ತದೆ. ಗ್ರೇಡಿಯಂಟ್ ದೋಷವನ್ನು ತಯಾರಕರ ತಂತ್ರಾಂಶದಿಂದ ಮೂರೂ ಆಯಾಮಗಳಲ್ಲಿ ತಿದ್ದಬಹುದು. ರೋಗಿಯ ದೇಹದಿಂದಲೇ ಉಂಟಾಗುವ ವಿಕೃತಿ ಫ್ಯಾಂಟಮ್‌ನಲ್ಲಿ ಕಾಣದ ಕಾರಣ, ಆಯಾ ರೋಗಿಯ ಕಾಂತಕ್ಷೇತ್ರದ ನಕ್ಷೆ ತೆಗೆಯಬೇಕಾಗುತ್ತದೆ. ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘವು (ಎಎಪಿಎಂ) ವಿಕಿರಣ ಚಿಕಿತ್ಸೆಗಾಗಿ ಎಂಆರ್‌ಐ ಬಳಸುವ ಬಗ್ಗೆ ತನ್ನ 284ನೇ ಕಾರ್ಯತಂಡದ ವರದಿಯನ್ನು 2021ರಲ್ಲಿ ಪ್ರಕಟಿಸಿತು.

ಕರ್ನಾಟಕದಲ್ಲಿ

ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ರಾಜ್ಯದ ಪ್ರಮುಖ ಸರ್ಕಾರಿ ಕ್ಯಾನ್ಸರ್ ಚಿಕಿತ್ಸಾ ಕೇಂದ್ರ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲಿನಂತಹ ಗ್ರಾಮೀಣ ಪ್ರದೇಶಗಳಿಂದ ವಿಕಿರಣ ಚಿಕಿತ್ಸೆಗೆ ನಗರಕ್ಕೆ ಹೋಗಬೇಕಾದ ರೋಗಿಯ ಎಂಆರ್‌ಐ ಬೇರೊಂದು ರೋಗಪತ್ತೆ ಕೇಂದ್ರದಲ್ಲಿ ಆಗಿರುವ ಸಾಧ್ಯತೆಯಿದೆ. ಅಂತಹ ಚಿತ್ರವನ್ನು ಚಿಕಿತ್ಸೆಯ ಸಮತಟ್ಟಾದ ಮಂಚ ಮತ್ತು ಮುಖಕವಚವಿಲ್ಲದೆ, ಬೇರೆ ಭಂಗಿಯಲ್ಲಿ ತೆಗೆದಿರುವುದರಿಂದ ಸಿಟಿಯೊಂದಿಗೆ ಹೊಂದಿಸುವುದು ಕಷ್ಟ. ಯೋಜನೆಗಾಗಿ ಮತ್ತೆ ಎಂಆರ್‌ಐ ಮಾಡಿಸಲು ಸೂಚಿಸಲು ಇದೂ ಒಂದು ಕಾರಣ. ಭಾರತದಲ್ಲಿ ವಿಕಿರಣ ಚಿಕಿತ್ಸಾ ಯಂತ್ರಗಳೂ ಸಿಟಿ ಯಂತ್ರಗಳೂ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ವ್ಯಾಪ್ತಿಗೆ ಒಳಪಡುತ್ತವೆ. ಎಂಆರ್‌ಐ ಅಯಾನೀಕಾರಕ ವಿಕಿರಣವನ್ನು ಬಳಸದ ಕಾರಣ ಆ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ಯೋಜನೆಗೆ ಬಳಸುವ ಎಂಆರ್‌ಐ ಚಿತ್ರಗಳ ಜ್ಯಾಮಿತಿಯನ್ನು ಖಚಿತಪಡಿಸಿಕೊಳ್ಳುವ ಹೊಣೆ ಮುಖ್ಯವಾಗಿ ಚಿಕಿತ್ಸಾ ವಿಭಾಗದ ವೈದ್ಯಕೀಯ ಭೌತವಿಜ್ಞಾನಿಗಳ ಮೇಲಿರುತ್ತದೆ.