ಮೆಟ್ಟಿಲು ಹತ್ತುವ ಕಾಂತಗಳು

ಕಬ್ಬಿಣವನ್ನು ಸೆಳೆಯುವ ಕಾಂತ ಎಲ್ಲರಿಗೂ ಗೊತ್ತು. ಹೊರಗೆ ಅಂಥ ಸೆಳೆತ ತೋರದೆ, ಒಳಗೊಳಗೇ ತಿಕ್ಕಾಟ ನಡೆಸುವ ಕಾಂತಗಳೂ ಇವೆ. ಅವುಗಳನ್ನು ಅರ್ಥ ಮಾಡಿಕೊಳ್ಳುವಲ್ಲಿ ಬೆಂಗಳೂರಿನ ವಿಜ್ಞಾನಿಗಳಿಗೆ ದೊಡ್ಡ ಪಾಲಿದೆ.

ಒಂದು ತ್ರಿಕೋನ ಬರೆದು ಮೂರೂ ಮೂಲೆಯಲ್ಲಿ ಒಂದೊಂದು ಪರಮಾಣು ಇಡಿ. ಪ್ರತಿಯೊಂದೂ ಪುಟ್ಟ ಕಾಂತ. ನೆರೆಯದಕ್ಕೆ ವಿರುದ್ಧವಾಗಿ ನಿಲ್ಲುವುದೇ ಅದರ ಸ್ವಭಾವ. ಒಂದು ಮೇಲ್ಮುಖ, ಇನ್ನೊಂದು ಕೆಳಮುಖ. ಮೂರನೆಯದು? ಯಾವ ಕಡೆ ತಿರುಗಿದರೂ ಇಬ್ಬರಲ್ಲೊಬ್ಬರ ಜೊತೆ ವಿರಸ ತಪ್ಪದು. ಭೌತವಿಜ್ಞಾನಿಗಳು ಇದನ್ನು ಫ್ರಸ್ಟ್ರೇಷನ್ ಎನ್ನುತ್ತಾರೆ.

ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದ ಬಿ. ಶ್ರೀರಾಮ ಶಾಸ್ತ್ರಿ, ಬಿಲ್ ಸದರ್ಲೆಂಡ್ ಜೊತೆಗೂಡಿ 1981ರಲ್ಲಿ ಇಂಥದೊಂದು ಜಾಲವನ್ನು ಕಾಗದದ ಮೇಲೆ ಕಟ್ಟಿದರು. ಚೌಕಗಳ ಜಾಲ, ಒಂದು ಬಿಟ್ಟೊಂದು ಚೌಕದಲ್ಲಿ ಕರ್ಣರೇಖೆ. ಕರ್ಣದ ಎರಡು ತುದಿಯ ಕಾಂತಗಳು ಜೋಡಿಯಾಗಿ ಪರಸ್ಪರ ರದ್ದಾಗುತ್ತವೆ ಎಂದು ಅವರು ಗಣಿತದಿಂದ ಖಚಿತವಾಗಿ ತೋರಿಸಿದರು. ಆಗ ಅಂಥ ವಸ್ತು ಯಾರ ಕೈಯಲ್ಲೂ ಇರಲಿಲ್ಲ. 1999ರಲ್ಲಿ ಜಪಾನಿನ ಹಿರೋಶಿ ಕಗೆಯಾಮ ಮತ್ತು ಸಂಗಡಿಗರು ಸ್ಟ್ರಾನ್ಷಿಯಂ, ತಾಮ್ರ, ಬೋರಾನ್, ಆಮ್ಲಜನಕ ಸೇರಿದ ಹರಳೊಂದನ್ನು ಪರೀಕ್ಷಿಸಿದಾಗ, ತಾಮ್ರದ ಪರಮಾಣುಗಳು ಅದೇ ವಿನ್ಯಾಸದಲ್ಲಿ ಕೂತಿದ್ದವು.

ಪ್ರಬಲ ಕಾಂತಕ್ಷೇತ್ರದಲ್ಲಿ ಈ ಹರಳಿನ ನಡವಳಿಕೆ ವಿಸ್ಮಯಕರ. ಶಿವಾಜಿನಗರ, ಇಂದಿರಾನಗರದ ಸುತ್ತಮುತ್ತಲ ಆಸ್ಪತ್ರೆಗಳಲ್ಲಿ ನಾವು ಕಾಣುವ ಎಂಆರ್‌ಐ ಯಂತ್ರಗಳ ಬಲ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ. ಈ ಹರಳಿಗೆ ಅದು ಏನೂ ಸಾಲದು. ಸುಮಾರು 27 ಟೆಸ್ಲಾ ದಾಟಿದಾಗ ಕಾಂತತ್ವ ಗರಿಷ್ಠದ 1/8ರಷ್ಟಕ್ಕೆ ಏರಿ ಅಲ್ಲೇ ನಿಲ್ಲುತ್ತದೆ. ಕ್ಷೇತ್ರ ಹೆಚ್ಚಿದರೂ ಕೆಲಕಾಲ ಕದಲದು. ಮುಂದೆ 1/4, 1/3ರಲ್ಲಿ ಮತ್ತೆ ತಂಗುತ್ತದೆ. ಕ್ಷೇತ್ರದ ಒತ್ತಡಕ್ಕೆ ಮುರಿದ ಜೋಡಿಗಳು ಸುಲಭವಾಗಿ ಚಲಿಸಲಾರದೆ, ಪರಸ್ಪರ ದೂರ ಕಾಯ್ದುಕೊಂಡು ಅಚ್ಚುಕಟ್ಟಾದ ವಿನ್ಯಾಸದಲ್ಲಿ ನೆಲೆಗೊಳ್ಳುವುದೇ ಇದಕ್ಕೆ ಕಾರಣ.

ಅದೇ 1999ರಲ್ಲಿ ಶಾಸ್ತ್ರಿ ಮತ್ತು ಅವರ ವಿದ್ಯಾರ್ಥಿ ರಾಹುಲ್ ಸಿದ್ಧಾರ್ಥನ್, ಅಮೆರಿಕದ ಆರ್ಥರ್ ರಾಮಿರೆಜ್ ಮೊದಲಾದವರೊಂದಿಗೆ ‘ನೇಚರ್’ ಪತ್ರಿಕೆಯಲ್ಲಿ ಇನ್ನೊಂದು ಫಲಿತಾಂಶ ಪ್ರಕಟಿಸಿದರು. ಡಿಸ್ಪ್ರೋಸಿಯಂ ಟೈಟನೇಟ್ ಹರಳಿನಲ್ಲಿ ನಾಲ್ಕು ಕಾಂತಗಳ ಪ್ರತಿ ಗುಂಪಿನಲ್ಲಿ ಎರಡು ಗುಂಪಿನ ಒಳಮುಖ, ಎರಡು ಹೊರಮುಖ. ಈ ನಿಯಮ ಪಾಲಿಸಲು ಅಸಂಖ್ಯ ದಾರಿಗಳಿರುವುದರಿಂದ, ತೀರಾ ತಣ್ಣಗಾದರೂ ಅವ್ಯವಸ್ಥೆ ಉಳಿಯುತ್ತದೆ. ಅದರ ಪ್ರಮಾಣ, ನೀರಿನ ಮಂಜುಗಡ್ಡೆಗೆ ಲೈನಸ್ ಪೌಲಿಂಗ್ 1935ರಲ್ಲಿ ಲೆಕ್ಕ ಹಾಕಿದ್ದಕ್ಕೆ ಹೊಂದಿತು. ‘ಸ್ಪಿನ್ ಐಸ್’ ಎಂಬ ಹೆಸರು ಅದಕ್ಕೆ ಸರಿಯಾಗಿಯೇ ಒಪ್ಪಿತು.

ಕಾಗದದ ಮೇಲಿನ ಗಣಿತಕ್ಕೆ ಹರಳು ಸಿಗಲು 18 ವರ್ಷ ಹಿಡಿಯಿತು. ಮೂಲವಿಜ್ಞಾನಕ್ಕೆ ಸಮಾಜ ಇಷ್ಟು ತಾಳ್ಮೆ ತೋರಲೇಬೇಕು. ವಿಜ್ಞಾನ ಸಂಸ್ಥೆ ಸಾರ್ವಜನಿಕರಿಗೆ ಬಾಗಿಲು ತೆರೆಯುವ ‘ಓಪನ್ ಡೇ’ಯಂದು ಹಲಸೂರಿನಿಂದಲೋ ಕೆ.ಆರ್. ಪುರದಿಂದಲೋ ಮಕ್ಕಳನ್ನು ಕರೆದುಕೊಂಡು ಹೋಗಿ. ಭೌತವಿಜ್ಞಾನ ವಿಭಾಗದಲ್ಲಿ ಈ ಕಾಂತಗಳ ಬಗ್ಗೆ ಅವರೇ ಪ್ರಶ್ನೆ ಕೇಳಲಿ.