ತೋಟಾ ಕವಚ ಕಲಿಸುವ ಪಾಠ: ಮಳೆಗಾಲ, ಹಿತ್ತಾಳೆ ಮತ್ತು ದಾಸ್ತಾನಿನ ನಷ್ಟ

ಗೋದಾಮಿನಲ್ಲಿ ಯಾರೂ ಮುಟ್ಟದೆ ಇಟ್ಟಿದ್ದ ಹಿತ್ತಾಳೆಯ ಸರಕು ಮಳೆಗಾಲ ಮುಗಿಯುವಷ್ಟರಲ್ಲಿ ಬಿರಿದಿರುವುದುಂಟು. ಇದನ್ನು ಕಳಪೆ ಲೋಹವೆಂದು ತೀರ್ಮಾನಿಸಿ ಪೂರೈಕೆದಾರರೊಡನೆ ವಾದಕ್ಕಿಳಿಯುವ ಮುನ್ನ, ಬಂದೂಕಿನ ತೋಟಾ ಕಲಿಸಿರುವ ಹಳೆಯ ಪಾಠವೊಂದನ್ನು ಅರಿಯುವುದು ಒಳಿತು.

ಕವಚದ ಗುಣ

ತೋಟಾದ ಕವಚವನ್ನು ಸಾಮಾನ್ಯವಾಗಿ ಶೇ. 70 ತಾಮ್ರ, ಶೇ. 30 ಸತುವಿನ ಹಿತ್ತಾಳೆಯಿಂದ ತಯಾರಿಸುತ್ತಾರೆ. ಗುಂಡು ಹಾರಿದಾಗ ಕವಚವು ಹಿಗ್ಗಿ ಚೇಂಬರಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಅನಂತರ ಕುಗ್ಗಿದರೂ ಮೊದಲಿನ ಅಳತೆಗೆ ಮರಳುವುದಿಲ್ಲ. ಅರೆ-ಸ್ವಯಂಚಾಲಿತ ರೈಫಲ್ ತೋಟಾವನ್ನು ತಾನೇ ಒಳಸೇರಿಸಿ ತಾನೇ ಹೊರತೆಗೆಯುವುದರಿಂದ ಕವಚದ ಅಳತೆ ನಿಖರವಾಗಿರಬೇಕು. ಆದ್ದರಿಂದ ಮರುಬಳಕೆಗೆ ಮುನ್ನ ಅದನ್ನು ಪೂರ್ಣ ಉದ್ದಕ್ಕೆ ಡೈಯಲ್ಲಿ ಒತ್ತಿ ಅಳತೆಗೆ ತರಲಾಗುತ್ತದೆ. ಹೀಗೆ ಒತ್ತಿದಷ್ಟೂ ಲೋಹ ಗಡುಸಾಗಿ, ಒಳ ಒತ್ತಡ ಉಳಿದು, ಕಡೆಗೆ ಬಾಯಿಯ ಬಳಿ ಸೀಳುತ್ತದೆ. ಕತ್ತಿನ ಭಾಗವನ್ನು ಕಾಯಿಸಿ ಮೆತುಗೊಳಿಸುವುದೇ ಇದಕ್ಕೆ ಪರಿಹಾರ. ನಮ್ಮಲ್ಲಿ 1959ರ ಆಯುಧ ಅಧಿನಿಯಮದನ್ವಯ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಆದರೆ ಲೋಹದ ಈ ಗುಣ ಡೈಯಲ್ಲಿ ಒತ್ತಿದ ಎಲ್ಲ ಹಿತ್ತಾಳೆಗೂ ಅನ್ವಯಿಸುತ್ತದೆ.

ಕುದುರೆ ಲಾಯದ ರಹಸ್ಯ

ಬ್ರಿಟಿಷರ ಕಾಲದಲ್ಲಿ ಭಾರತದ ಸೇನೆಯು ಮಳೆಗಾಲದಲ್ಲಿ ಲಾಯಗಳಲ್ಲಿ ದಾಸ್ತಾನಿಟ್ಟ ತೋಟಾಗಳು ತಾವಾಗಿಯೇ ಬಿರಿಯುತ್ತಿದ್ದವು. ಋತುವಿಗೆ ಅನುಗುಣವಾಗಿ ಕಾಣಿಸುತ್ತಿದ್ದುದರಿಂದ ‘ಸೀಸನ್ ಕ್ರ್ಯಾಕಿಂಗ್’ ಎಂಬ ಹೆಸರು ಬಂತು. 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಇದರ ಕಾರಣವನ್ನು ವಿವರಿಸಿದರು. ಲೋಹದೊಳಗೆ ಉಳಿದ ಒತ್ತಡ, ತೇವ ಹಾಗೂ ಕುದುರೆಗಳ ಮೂತ್ರದಿಂದ ಹೊಮ್ಮುವ ಅಮೋನಿಯಾ ಇವು ಒಂದುಗೂಡಿದಾಗ ಹಿತ್ತಾಳೆ ಬಿರಿಯುತ್ತದೆ.

ಮಲೆನಾಡಿನ ವರ್ತಕರಿಗೆ

ಶಿವಮೊಗ್ಗದಲ್ಲಿ ಲಾಯಗಳಿಲ್ಲದಿರಬಹುದು, ತೇವವಿದೆ, ಗೊಬ್ಬರವಿದೆ. ವಿನೋಬನಗರದ ಪಾತ್ರೆ, ನಲ್ಲಿ, ವಿದ್ಯುತ್ ಬಿಡಿಭಾಗಗಳ ವರ್ತಕರಿಂದ ಮಾಚೇನಹಳ್ಳಿಯ ಸಣ್ಣ ಉದ್ದಿಮೆದಾರರವರೆಗೆ ಎಲ್ಲರೂ ಗಮನಿಸಬೇಕಾದ ಅಂಶಗಳಿವು:

1. ಹಿತ್ತಾಳೆಯನ್ನು ಯೂರಿಯಾ ಮುಂತಾದ ಗೊಬ್ಬರ, ಕೊಟ್ಟಿಗೆ ಅಥವಾ ಅಮೋನಿಯಾಯುಕ್ತ ಶುಚಿಕಾರಕಗಳ ಬಳಿ ಇಡಬಾರದು.

2. ಒತ್ತಿ ರೂಪಿಸಿದ ಭಾಗಗಳನ್ನು ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಿದರೆ, ಗಡಸುತನ ಬಹುಮಟ್ಟಿಗೆ ಉಳಿದು, ಒಳ ಒತ್ತಡ ತಗ್ಗುತ್ತದೆ. ಖರೀದಿ ಆದೇಶದಲ್ಲಿ ಈ ಷರತ್ತನ್ನು ಬರೆಯಿಸುವುದು ಕ್ಷೇಮ.

3. ಸತುವಿನ ಪ್ರಮಾಣ ಶೇ. 15ಕ್ಕಿಂತ ಕಡಿಮೆಯಿರುವ ಹಿತ್ತಾಳೆಗೆ ಈ ಅಪಾಯ ಬಹಳ ಕಡಿಮೆ.

ಲೆಕ್ಕಪತ್ರದಲ್ಲಿ

ಬಿರಿದ ಸರಕನ್ನು ವರ್ಷಾಂತ್ಯದ ದಾಸ್ತಾನಿನಲ್ಲಿ ಅಸಲು ಬೆಲೆಗೆ ತೋರಿಸುವಂತಿಲ್ಲ. ಅಸಲು ಅಥವಾ ಮಾರಿದರೆ ನಿವ್ವಳವಾಗಿ ದೊರೆಯಬಹುದಾದ ಬೆಲೆ, ಇವೆರಡರಲ್ಲಿ ಕಡಿಮೆಯಾದದ್ದನ್ನೇ ಹಿಡಿಯಬೇಕು. ನಾಶವಾಯಿತೆಂದು ಲೆಕ್ಕದಿಂದ ಕೈಬಿಟ್ಟರೆ ಜಿಎಸ್‌ಟಿ ಕಾಯ್ದೆಯ 17(5)(ಎಚ್) ಕಲಮಿನಂತೆ ಆ ಸರಕಿನ ಹೂಡುವಳಿ ತೆರಿಗೆ ಜಮೆಯನ್ನೂ ಹಿಂದಿರುಗಿಸಬೇಕಾಗುತ್ತದೆ. ಗುಜರಿಗೆ ಮಾರಿದರೆ ಆ ಮಾರಾಟಕ್ಕೆ ತೆರಿಗೆಯುಂಟು. 2024ರ ಅಕ್ಟೋಬರ್ 10ರಿಂದ, ನೋಂದಾಯಿತ ಖರೀದಿದಾರರು ನೋಂದಾಯಿತ ಮಾರಾಟಗಾರರಿಂದ 2.5 ಲಕ್ಷ ರೂ. ಮೀರಿದ ಒಪ್ಪಂದದಲ್ಲಿ ಲೋಹದ ಗುಜರಿ ಕೊಂಡಾಗ ಶೇ. 2ರಷ್ಟು ತೆರಿಗೆಯನ್ನು ಮೂಲದಲ್ಲೇ ಕಡಿತಗೊಳಿಸಬೇಕು.

ಹೀಗೆ ಒಂದು ಬಿರುಕಿನಿಂದ ಲೋಹದ ಮೌಲ್ಯವೂ ತೆರಿಗೆಯ ಜಮೆಯೂ ಕೈತಪ್ಪಬಹುದು. ಒಂದು ಗಂಟೆಯ ಕಾವಿಗೂ ಒಣಗಿದ ಗೋದಾಮಿಗೂ ತಗಲುವ ವೆಚ್ಚವನ್ನು ಈ ನಷ್ಟದೊಡನೆ ಹೋಲಿಸಿ ನೋಡಿದ ಉದ್ದಿಮೆದಾರರು ಆ ವೆಚ್ಚವನ್ನು ದುಂದೆಂದು ಭಾವಿಸಲಾರರು.