ಎಂಜಿನ್ ನಿಂತರೂ ಕಾವು ನಿಲ್ಲದು: ಟರ್ಬೊ ಎಂಜಿನ್ ಕಲಿಸುವ ಉಷ್ಣದ ಪಾಠ

ಉಷ್ಣದ ಆಕರವನ್ನು ತೆಗೆದೊಡನೆ ಉಷ್ಣದ ಹರಿವೂ ನಿಂತುಹೋಗುತ್ತದೆ ಎಂಬುದು ವಿದ್ಯಾರ್ಥಿಗಳಲ್ಲಿ ಬೇರೂರಿರುವ ಒಂದು ತಪ್ಪು ಕಲ್ಪನೆ. ಇದನ್ನು ತಿದ್ದಲು ಬಸ್ಸು, ಲಾರಿಗಳ ಟರ್ಬೊ ಎಂಜಿನ್ ಒಳ್ಳೆಯ ನಿದರ್ಶನವಾಗುತ್ತದೆ. ಘಟ್ಟವೇರಿ ಬಂದ ವಾಹನವನ್ನು ನಿಲ್ಲಿಸಿದ ಮೇಲೂ ಕೆಲವು ಚಾಲಕರು ಎಂಜಿನ್ನನ್ನು ಕೂಡಲೇ ಆರಿಸದೆ ಒಂದೆರಡು ನಿಮಿಷ ಓಡಲು ಬಿಡುವುದುಂಟು. ಸುಮ್ಮನೆ ಡೀಸೆಲ್ ಸುಡುವುದೇಕೆಂದು ಪ್ರಯಾಣಿಕರು ಗೊಣಗುವುದೂ ಉಂಟು. ಇವರಲ್ಲಿ ಯಾರದು ಸರಿ ಎಂಬ ಪ್ರಶ್ನೆಗೆ ಉತ್ತರ ಉಷ್ಣದ ಪಾಠದಲ್ಲಿಯೇ ಇದೆ.

ಟರ್ಬೊ ಮಾಡುವ ಕೆಲಸ

ಇಂಧನ ಉರಿಯಲು ಗಾಳಿ ಬೇಕು. ಸಿಲಿಂಡರಿನೊಳಕ್ಕೆ ಹೆಚ್ಚು ಗಾಳಿಯನ್ನು ಒತ್ತಿ ತುಂಬಿದರೆ ಹೆಚ್ಚು ಇಂಧನವನ್ನು ಉರಿಸಬಹುದು. ಅದೇ ಗಾತ್ರದ ಎಂಜಿನ್ನಿನಿಂದ ಹೆಚ್ಚು ಶಕ್ತಿಯನ್ನು ಪಡೆಯಬಹುದು. ವ್ಯರ್ಥವಾಗಿ ಹೊರಹೋಗುವ ಬಿಸಿ ಅನಿಲದಿಂದಲೇ ಈ ಕೆಲಸ ಮಾಡಿಸುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಅವರು 1905ರಲ್ಲಿ ಪೇಟೆಂಟ್ ಪಡೆದರು.

ಟರ್ಬೊ ಎಂಬುದು ಒಂದೇ ದಂಡದ ಎರಡು ತುದಿಗಳಿಗೆ ಜೋಡಿಸಿದ ಎರಡು ಪುಟ್ಟ ಚಕ್ರಗಳ ಯಂತ್ರ. ಹೊರಹೋಗುವ ಅನಿಲವು ಒಂದು ಚಕ್ರವನ್ನು ತಿರುಗಿಸುತ್ತದೆ. ಅದರೊಡನೆ ತಿರುಗುವ ಇನ್ನೊಂದು ಚಕ್ರವು ಗಾಳಿಯನ್ನು ಎಂಜಿನ್ನಿನೊಳಕ್ಕೆ ತಳ್ಳುತ್ತದೆ. ಭಾರ ಹೊತ್ತು ಏರನ್ನು ಹತ್ತುವ ಡೀಸೆಲ್ ಎಂಜಿನ್ನಿನಲ್ಲಿ ಆ ಅನಿಲದ ತಾಪ 600 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಚಿಕ್ಕ ಟರ್ಬೊಗಳ ದಂಡವು ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಇಷ್ಟು ವೇಗದ ದಂಡವು ಬೇರಿಂಗಿನೊಳಗೆ ಕೀಲೆಣ್ಣೆಯ ತೆಳುವಾದ ಪದರದ ಮೇಲೆ ತೇಲುತ್ತಿರುತ್ತದೆ. ಆ ಎಣ್ಣೆಗೆ ಎರಡು ಹೊಣೆಗಳಿವೆ: ಘರ್ಷಣೆಯನ್ನು ತಗ್ಗಿಸುವುದು ಮತ್ತು ಉಷ್ಣವನ್ನು ಹೊತ್ತೊಯ್ಯುವುದು.

ಥಟ್ಟನೆ ಆರಿಸಿದರೆ ಆಗುವುದೇನು?

ಎಣ್ಣೆಯನ್ನು ಹರಿಸುವ ಪಂಪು ಎಂಜಿನ್ನಿನಿಂದಲೇ ನಡೆಯುತ್ತದೆ. ಎಂಜಿನ್ ನಿಂತರೆ ಎಣ್ಣೆಯ ಹರಿವೂ ನಿಲ್ಲುತ್ತದೆ. ಆದರೆ ಕಾದ ಲೋಹದಲ್ಲಿರುವ ಉಷ್ಣ ಅಲ್ಲಿಯೇ ಉಳಿದಿರುತ್ತದೆ. ಅದು ಟರ್ಬೈನ್ ಚಕ್ರದ ಕಡೆಯಿಂದ ತಂಪಾಗಿರುವ ಬೇರಿಂಗಿನ ಕಡೆಗೆ ವಹನದ ಮೂಲಕ ಸಾಗತೊಡಗುತ್ತದೆ. ಅದನ್ನು ಹೊತ್ತೊಯ್ಯಲು ಹೊಸ ಎಣ್ಣೆ ಬಾರದ ಕಾರಣ, ಎಂಜಿನ್ ಓಡುತ್ತಿದ್ದಾಗ ಇದ್ದುದಕ್ಕಿಂತಲೂ ನಿಂತ ಮೇಲೆ ಬೇರಿಂಗಿನ ತಾಪ ಹೆಚ್ಚಾಗಬಹುದು. ಅಲ್ಲಿ ನಿಂತ ಎಣ್ಣೆ ಬೆಂದು ಕರಿಯ ಗಟ್ಟಿ ಪದರವಾಗುತ್ತದೆ. ಒಲೆ ಆರಿದ ಮೇಲೂ ಕಾದಿರುವ ಕಾವಲಿಯ ಅಂಚಿನಲ್ಲಿ ಎಣ್ಣೆ ಕರಿಗಟ್ಟಿ ಅಂಟಿಕೊಳ್ಳುವುದು ಮಕ್ಕಳಿಗೆ ತಿಳಿದ ಸಂಗತಿಯೇ. ಹೀಗೆ ಪದೇ ಪದೇ ಆದರೆ ಎಣ್ಣೆಯ ಕಿರುದಾರಿಗಳು ಕಟ್ಟಿಕೊಂಡು ಬೇರಿಂಗು ಸವೆಯುತ್ತದೆ. ಕಡೆಗೆ ಟರ್ಬೊವನ್ನೇ ಬದಲಿಸಬೇಕಾಗುತ್ತದೆ. ಒಂದೇ ವಾಹನವನ್ನು ನಂಬಿದ ಕುಟುಂಬಕ್ಕೆ ಇದು ಸಣ್ಣ ವೆಚ್ಚವಲ್ಲ.

ಆಕ್ಸಿಲರೇಟರ್ ಒತ್ತದೆ ಎಂಜಿನ್ನನ್ನು ನಿಧಾನವಾಗಿ ಓಡಲು ಬಿಟ್ಟರೆ ಇಂಧನ ಅತ್ಯಲ್ಪ ಉರಿಯುತ್ತದೆ, ಅನಿಲದ ತಾಪ ಬೇಗನೆ ಇಳಿಯುತ್ತದೆ, ಚಕ್ರಗಳ ವೇಗ ತಗ್ಗುತ್ತದೆ. ಎಣ್ಣೆ ಮಾತ್ರ ಹರಿಯುತ್ತಲೇ ಇದ್ದು ಉಳಿದ ಉಷ್ಣವನ್ನು ಹೊತ್ತೊಯ್ಯುತ್ತದೆ. ಭಾರಿ ವಾಹನಗಳಿಗೆ 3ರಿಂದ 5 ನಿಮಿಷ, ಕಾರುಗಳಿಗೆ ಸುಮಾರು 1 ನಿಮಿಷ ಎಂಬುದು ವಾಡಿಕೆ. ಆಯಾ ವಾಹನದ ಕೈಪುಸ್ತಕದ ಸೂಚನೆಯೇ ಅಂತಿಮ.

ಯಾವಾಗ ಬೇಕು, ಯಾವಾಗ ಬೇಡ?

ಈ ಕ್ರಮವನ್ನು ಎಲ್ಲೆಡೆ ಕಣ್ಣುಮುಚ್ಚಿ ಅನುಸರಿಸುವ ಅಗತ್ಯವಿಲ್ಲ. ಸತ್ಯಮಂಗಲದ ಕಡೆಯಿಂದ ತಾಳವಾಡಿಗೆ ಬರುವ ದಾರಿಯ ದಿಂಬಂ ಘಟ್ಟದಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಭಾರ ತುಂಬಿದ ಲಾರಿ ಅವನ್ನೇರಿ ಮೇಲೆ ತಲುಪಿದೊಡನೆ ನಿಂತರೆ ಅದರ ಟರ್ಬೊ ಕಾದಿರುತ್ತದೆ; ಅದಕ್ಕೆ ತಣಿಯುವ ಅವಕಾಶ ಬೇಕು. ಅದೇ ಲಾರಿ ಗೇರಿನ ಹಿಡಿತದಲ್ಲಿ ಘಟ್ಟ ಇಳಿದು ಬಂದರೆ ಇಂಧನ ಹೆಚ್ಚು ಉರಿದಿರುವುದಿಲ್ಲ. ಟರ್ಬೊ ದಾರಿಯಲ್ಲಿಯೇ ತಣಿದಿರುತ್ತದೆ. ಊರೊಳಗೆ ಕೆಲವು ನಿಮಿಷ ನಿಧಾನವಾಗಿ ಸಾಗಿ ಬಂದ ವಾಹನಕ್ಕೂ ಕಾಯುವ ಅಗತ್ಯವಿರದು. ಅಂಥಲ್ಲಿ ಎಂಜಿನ್ ಓಡಿಸುತ್ತ ನಿಲ್ಲುವುದು ಇಂಧನದ ನಷ್ಟ ಮತ್ತು ಹೊಗೆ ಮಾತ್ರ. ಬೇರಿಂಗಿನ ಸುತ್ತ ನೀರು ಹರಿಯುವ ವ್ಯವಸ್ಥೆಯಿರುವ ವಾಹನಗಳಲ್ಲಿ, ಎಂಜಿನ್ ನಿಂತ ಮೇಲೂ ಬಿಸಿನೀರು ಮೇಲೇರಿ ತಣ್ಣೀರು ಕೆಳಗಿಳಿಯುವ ಸಂವಹನದಿಂದ ಸ್ವಲ್ಪ ಉಷ್ಣ ಹೊರಹೋಗುತ್ತದೆ. ಆದುದರಿಂದ ಚಾಲಕರ ಮಾತೂ ಪ್ರಯಾಣಿಕರ ಮಾತೂ ಸಂದರ್ಭಕ್ಕೆ ತಕ್ಕಂತೆ ಸರಿಯೇ. ನಿಲ್ಲುವ ಮುನ್ನಿನ ಕೆಲವು ನಿಮಿಷಗಳಲ್ಲಿ ಎಂಜಿನ್ ಎಷ್ಟು ದುಡಿದಿದೆ ಎಂಬುದೇ ತೀರ್ಮಾನದ ಆಧಾರ.

ತರಗತಿಯ ಚಟುವಟಿಕೆ

ಅಗಲವಾದ ಪಾತ್ರೆಯಲ್ಲಿ ಅಂಚಿನವರೆಗೆ ಬಿಸಿನೀರು ತುಂಬಿ, ಒಂದೇ ಬಗೆಯ ಎರಡು ಅಲ್ಯೂಮಿನಿಯಂ ಸೌಟುಗಳನ್ನು, ಹಿಡಿಗಳು ಹೊರಕ್ಕೆ ಚಾಚಿರುವಂತೆ ಇಡಬೇಕು. ಎರಡು ಹಿಡಿಗಳ ಮೇಲೂ ಸಮಾನ ದೂರದಲ್ಲಿ ಬೆಣ್ಣೆಯ ಚೂರುಗಳನ್ನು ಅಂಟಿಸಬೇಕು. ಬೇಸಿಗೆಯಲ್ಲಿ ಮೇಣವನ್ನು ಬಳಸಬಹುದು. ಒಂದು ಸೌಟಿಗೆ ಪಾತ್ರೆಯ ಅಂಚಿನ ಬಳಿ ಒದ್ದೆ ಬಟ್ಟೆ ಸುತ್ತಿ, ತಣ್ಣೀರು ಹನಿಸುತ್ತಿರಬೇಕು. ಬಿಸಿನೀರನ್ನು ಶಿಕ್ಷಕರೇ ನಿರ್ವಹಿಸಬೇಕು.

ಒಲೆ ಇಲ್ಲದಿದ್ದರೂ ಬಟ್ಟೆಯಿಲ್ಲದ ಸೌಟಿನ ಬೆಣ್ಣೆ ಒಂದೊಂದಾಗಿ ಕರಗುತ್ತದೆ. ಬಟ್ಟೆ ಸುತ್ತಿದ ಸೌಟಿನದು ಉಳಿಯುತ್ತದೆ. ನೀರು ಬಿಸಿಯಾಗಿರುವಾಗಲೇ ಬಟ್ಟೆಯನ್ನು ತೆಗೆದರೆ ಅದೂ ಕರಗತೊಡಗುತ್ತದೆ. ಇಲ್ಲಿ ಬಿಸಿನೀರು ಕಾದ ಟರ್ಬೈನಿಗೂ, ಬೆಣ್ಣೆಯಿರುವ ಭಾಗ ಬೇರಿಂಗಿಗೂ, ಹನಿಯುವ ತಣ್ಣೀರು ಹರಿಯುವ ಎಣ್ಣೆಗೂ ಸಮಾನ.

ಎಂಜಿನ್, ಟರ್ಬೊ, ಬೇರಿಂಗು ಎಂಬ ಪದಗಳನ್ನು ಮಕ್ಕಳು ಗ್ಯಾರೇಜುಗಳಲ್ಲಿ ಕೇಳಿರುತ್ತಾರೆ. ಅವನ್ನು ಹಾಗೆಯೇ ಬಳಸಬಹುದು. ವಹನ, ಸಂವಹನ, ಘರ್ಷಣೆ, ಕೀಲೆಣ್ಣೆ ಎಂಬ ಪದಗಳು ಈ ಉದಾಹರಣೆಯ ಮೂಲಕ ಅವರ ಮಾತಿಗೆ ಬರಬೇಕು.

ಮೌಲ್ಯಮಾಪನಕ್ಕೆ ಪ್ರಶ್ನೆಗಳು

1. ಎಂಜಿನ್ ನಿಂತ ಮೇಲೆ ಬೇರಿಂಗಿನ ತಾಪ ಏರುವುದೇಕೆ?
2. ಘಟ್ಟ ಏರಿದ ಮತ್ತು ಇಳಿದ ಲಾರಿಗಳಲ್ಲಿ ಯಾವುದನ್ನು ಕೂಡಲೇ ಆರಿಸಬಹುದು? ಕಾರಣ ಕೊಡಿ.
3. ಮನೆಯ ಅಥವಾ ಊರಿನ ಚಾಲಕರೊಬ್ಬರನ್ನು ವಿಚಾರಿಸಿ, ಅವರ ರೂಢಿಯನ್ನೂ ಅದರ ಹಿಂದಿರುವ ಕಾರಣವನ್ನೂ ಐದು ವಾಕ್ಯಗಳಲ್ಲಿ ಬರೆಯಿರಿ.